ಹೆಚ್ಚಿದ ಮೂರು ತೋಟಾ

ಯುದ್ಧದ ವರ್ಷಗಳಲ್ಲಿ ನ್ಯಾಮತಿಯ ಸಂತೆಗೆ ಹೋದವರೆಲ್ಲ ಕಾಟಮ್ಮನನ್ನು ಬಲ್ಲರು. ಬಳೆಗಾರ್ತಿ ದುರುಗಕ್ಕನ ಬಳೆ ಮಲಾರದ ಮಗ್ಗುಲಲ್ಲಿ ಇದ್ದಿಲೊಲೆ ಹೂಡಿ, ಮುಂದೆ ನೀರಿನ ಬಾನಿ ಇಟ್ಟುಕೊಂಡು, ಅವಳು ಸೋರುವ ಚೊಂಬಿಗೆ ಬೆಸುಗೆ ಹಾಕುತ್ತಿದ್ದಳು, ನೆಗ್ಗಿದ ಕೊಡವನ್ನು ಬಡಿದು ಸರಿಮಾಡುತ್ತಿದ್ದಳು. ಇದು ಬೀದಿಯ ಜನ ಕಂಡ ಕೆಲಸ. ಹೊನ್ನಾಳಿಯಿಂದ, ಚನ್ನಗಿರಿಯಿಂದ ಜನ ಅವಳನ್ನು ಹುಡುಕಿಕೊಂಡು ಬರುತ್ತಿದ್ದುದು ಇನ್ನೊಂದು ಕೆಲಸಕ್ಕೆ. ಅವಳು ಕೋವಿಯ ತೋಟಾಗಳನ್ನು ಬದುಕಿಸುತ್ತಿದ್ದಳು.

ತೋಟಾ ಎಂದರೆ ಗುಂಡು, ಮದ್ದು, ಮದ್ದಿಗೆ ಕಿಡಿ ಕೊಡುವ ಕೇಪು ಇವನ್ನು ಒಟ್ಟಿಗೆ ಹಿಡಿದಿಡುವ ಹಿತ್ತಾಳೆಯ ಗೂಡು. ಈಡು ಹಾರಿದ ಮೇಲೆ ಗುಂಡು ಹೋಗುತ್ತದೆ, ಗೂಡು ಉಳಿಯುತ್ತದೆ. ಉಳ್ಳವರು ಅದನ್ನು ಕಾಡಿನಲ್ಲೇ ಬಿಸಾಡಿ ಬರುತ್ತಿದ್ದ ಕಾಲವೊಂದಿತ್ತು. ಯುದ್ಧ ಬಂದು ಹೊಸ ತೋಟಾ ಪೇಟೆಯಲ್ಲಿ ಕಣ್ಣಿಗೆ ಬೀಳದಂತಾದಾಗ ಲೈಸೆನ್ಸು ಉಳ್ಳವರೆಲ್ಲ ಅಟ್ಟ ಹುಡುಕಿ ಹಳೆಯ ಗೂಡುಗಳನ್ನು ಕೆಳಗಿಳಿಸಿದರು. ಮದ್ದು ತುಂಬುವುದು ಅವರವರ ಕೆಲಸ. ತುಂಬಲು ಯೋಗ್ಯವಾಗುವಂತೆ ಗೂಡನ್ನು ಸರಿಮಾಡಿಕೊಡುವುದು ಕಾಟಮ್ಮನ ಕೆಲಸ.

ಮೊದಲು ಹುಣಿಸೆ ನೀರಿನಲ್ಲಿ ನೆನೆಹಾಕಿ ಮಸಿ ತೊಳೆಯುವಳು. ಬಾಯಿ ನೆಗ್ಗಿದ್ದರೆ ಕಗ್ಗಲಿ ಮರದ ಗೂಟಕ್ಕೆ ಸಿಕ್ಕಿಸಿ ಹಗುರವಾಗಿ ಬಡಿದು ದುಂಡಗೆ ಮಾಡುವಳು. ಬಾಯಿ ಒರಟಾಗಿ ಸೀಳುವಂತಾಗಿದ್ದರೆ ಬುಡವನ್ನು ನೀರಿನಲ್ಲಿ ನಿಲ್ಲಿಸಿ, ಬಾಯಿಗಷ್ಟೇ ಬೆಂಕಿ ತೋರಿಸಿ ಮೆದುಮಾಡುವಳು. "ಬಾಯಿ ಮೆತ್ತಗಿರ್ಬೇಕು, ಬುಡ ಗಟ್ಟಿ ಇರ್ಬೇಕು. ಮನುಷ್ಯರಿಗೂ ಅಷ್ಟೇಯ" ಎಂದು ಅವಳ ಗಂಡ ಹೇಳುತ್ತಿದ್ದ. ಕೊನೆಗೆ ತುದಿ ಬಗ್ಗಿಸಿದ ಸಣ್ಣ ತಂತಿಯನ್ನು ಗೂಡಿನೊಳಗೆ ಇಳಿಸಿ ಗೋಡೆಗೆ ತಾಗಿಸಿ ಎಳೆಯುವಳು. ಬುಡದ ಹತ್ತಿರ ತಂತಿ ತಡವರಿಸಿತೆಂದರೆ ಅಲ್ಲಿ ಹಿತ್ತಾಳೆ ಒಳಗೊಳಗೇ ಸವೆದಿದೆ ಎಂದರ್ಥ. ಹೊರಗೆ ಕೂದಲೆಳೆಯಂಥ ಬಿಳಿಯ ಉಂಗುರ ಕಂಡರೆ ಕಂಡೀತು. ಅಂಥ ಗೂಡು ಮುಂದಿನ ಈಡಿಗೆ ಬುಡದಲ್ಲೇ ಹರಿಯುತ್ತದೆ. ಬೆಂಕಿ ಕೋವಿ ಹಿಡಿದವನ ಮುಖಕ್ಕೆ ಬರುತ್ತದೆ. ಅದನ್ನು ಸರಿಮಾಡುವ ವಿದ್ಯೆಯಿಲ್ಲ. ಸುತ್ತಿಗೆಯಿಂದ ಚಪ್ಪಟೆ ಮಾಡಿ ಎಸೆಯುವುದೊಂದೇ ದಾರಿ.

ಕಾಟಮ್ಮ ಜಗಳೂರು ಕಡೆಯವಳು. ಬೇಟೆಯ ಮನೆತನದಲ್ಲಿ ಹುಟ್ಟಿ ಬೇಟೆಯ ಮನೆತನಕ್ಕೇ ಸೊಸೆಯಾಗಿ ಬಂದವಳು. ಗಂಡ ಸಣ್ಣತಿಮ್ಮಪ್ಪನಿಗೆ ತೋಟಾ ನೋಡುವುದು ತಂದೆಯಿಂದ ಬಂದ ವಿದ್ಯೆ. ಆದರೆ ತಂತಿ ಹಿಡಿಯಲು ಅವನು ಹೆಂಡತಿಯನ್ನೇ ಕರೆಯುತ್ತಿದ್ದ. "ನನ್ನ ಬೆರಳು ಕತ್ತೆಯ ಗೊರಸು. ನಿನ್ನ ಬೆರಳಿಗೆ ಕಿವಿ ಐತೆ ಕಣೆ" ಎನ್ನುತ್ತಿದ್ದ. ಮಳೆ ಕಾಣದ ಸೀಮೆಯಿಂದ ಗಂಡ ಹೆಂಡತಿ ಇಬ್ಬರೂ ಅವನ ಮುದಿ ತಾಯಿ ಗಾದ್ರಮ್ಮನನ್ನು ಕರೆದುಕೊಂಡು ಚನ್ನಗಿರಿ ಸೀಮೆಯ ಉಬ್ರಾಣಿಗೆ ಬಂದರು. ಅಲ್ಲಿ ಕಾಡು ಹತ್ತಿರ, ಹಂದಿಯ ಕಾಟ ಬಲವಾಗಿ ಇತ್ತು. ಸಾಹುಕಾರ ನಾಗೇಂದ್ರಪ್ಪನಿಗೆ ಒಂದು ಹಳೆಯ ರೈಫಲ್ಲಿತ್ತು. ಒಮ್ಮೆಗೆ ಒಂದೇ ತೋಟಾ ಹಿಡಿಯುವಂಥದ್ದು. ಸಣ್ಣತಿಮ್ಮಪ್ಪ ಅವನ ಹಿತ್ತಿಲ ಗುಡಿಸಲಿನಲ್ಲಿ ನೆಲೆಯಾದ.

ಸುಗ್ಗಿ ಮುಗಿದ ಮೇಲೆ ಮೊದಲ ಬೇಟೆಗೆ ಹೊರಡುವ ಮುನ್ನ ಕೋವಿಗೆ ಪೂಜೆ ನಡೆಯುವುದು ಅಲ್ಲಿಯ ಪದ್ಧತಿ. ಕಂಬಳಿಯ ಮೇಲೆ ಕೋವಿ ಮಲಗಿಸಿ ವಿಭೂತಿ ಹಚ್ಚಿ ಕಾಯಿ ಒಡೆದ ಮೇಲೆ, ಬೇಟೆಗಾರರು ಹಿಂದಿರುಗುವವರೆಗೆ ಆ ಮನೆಯಲ್ಲಿ ಸುತ್ತಿಗೆಯ ಸದ್ದಾಗಬಾರದು. ಒಡೆಯಿತು, ಮುರಿಯಿತು, ಸತ್ತಿತು ಎಂಬ ಮಾತು ಯಾರ ಬಾಯಲ್ಲೂ ಬರಬಾರದು. ಆ ವರ್ಷ ತೋಟಾ ನೋಡಿ ಮುಗಿಯುವ ಮೊದಲೇ ಪೂಜೆ ನಡೆದುಬಿಟ್ಟಿತು. ಉಳಿದವುಗಳಲ್ಲಿ ತಂತಿ ಎಳೆಯುತ್ತಿದ್ದ ಕಾಟಮ್ಮನ ಬೆರಳಿಗೆ ಮೂರು ಗೂಡುಗಳ ಬುಡ ಸವೆದದ್ದು ತಿಳಿಯಿತು. ಚಪ್ಪಟೆ ಮಾಡಲು ಸುತ್ತಿಗೆ ಎತ್ತುವಂತಿಲ್ಲ. ಸಣ್ಣತಿಮ್ಮಪ್ಪ ಅವನ್ನು ಬೇರೆಯಾಗಿ ಜಗಲಿಯ ಮೂಲೆಯಲ್ಲಿಟ್ಟ. ಸಾಹುಕಾರ ಮದ್ದು ತುಂಬಲು ಬಂದು ಕೂತಾಗ, ಶುಭದ ದಿನ ಹೇಳುವ ರೀತಿಯಲ್ಲೇ ಹೇಳಿದ: "ಧಣೀ, ಇವು ಮೂರು ಹೆಚ್ಚಿದಾವೆ."

ನಮ್ಮ ಕಡೆ ದೀಪ ಆರಿಸು ಎನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತಾರೆ. ಹಾಗೆಯೇ ಬಳೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತಾರೆ. ಅವನು ಆಡಿದ್ದು ಆ ಮಾತನ್ನು. ಸಾಹುಕಾರ "ಹೂಂ" ಎಂದ. ಬಾಗಿಲ ಮರೆಯಲ್ಲಿ ನಿಂತ ಕಾಟಮ್ಮ ಆ "ಹೂಂ" ಅನ್ನು ತನ್ನ ಕಿವಿಯಾರೆ ಕೇಳಿದಳು.

ಮಾರನೆಯ ದಿನ ಕಾಡಿನಲ್ಲಿ ನಾಗೇಂದ್ರಪ್ಪ ಹೊಡೆದ ಹಂದಿ ಗಾಯಗೊಂಡು ಪೊದೆ ಹೊಕ್ಕಿತು. ಗಾಯದ ಹಂದಿಯ ಹತ್ತಿರ ಹೋಗುವ ಧೈರ್ಯ ಸಾಹುಕಾರನಿಗೆ ಎಂದೂ ಇರಲಿಲ್ಲ. ಕೋವಿಗೆ ಇನ್ನೊಂದು ತೋಟಾ ಹಾಕಿ, "ತಿಮ್ಮಾ, ಹೋಗಿ ಮುಗಿಸು" ಎಂದು ಸಣ್ಣತಿಮ್ಮಪ್ಪನ ಕೈಗೆ ಕೊಟ್ಟ. ಪೊದೆಯಲ್ಲಿ ಈಡಿನ ಸದ್ದು ಬೇರೆ ರೀತಿಯಾಗಿ ಕೇಳಿತಂತೆ. ಅವನನ್ನು ಕಂಬಳಿಯಲ್ಲಿ ಹೊತ್ತು ತಂದಾಗ ಕಾಟಮ್ಮ ಗಂಡನನ್ನು ಮುಖದಿಂದ ಗುರುತು ಹಿಡಿಯಲಿಲ್ಲ, ಕಾಲಿನಿಂದ ಹಿಡಿದಳು. ಜ್ವರ ಏರಿ ಅಮಾವಾಸ್ಯೆಗೆ ಮೊದಲೇ ಅವನು ತೀರಿಕೊಂಡ. ಕೋವಿಯಲ್ಲಿ ಕಚ್ಚಿಕೊಂಡಿದ್ದ ಗೂಡನ್ನು ಕೀಳಲು ಬೇರೆ ಯಾರಿಗೂ ಬಾರದೆ ಕಾಟಮ್ಮನನ್ನೇ ಕರೆಸಿದ್ದರು. ಅದು ಬುಡದ ಉಂಗುರದಲ್ಲೇ ಹರಿದಿತ್ತು. ಮೂಲೆಯಲ್ಲಿಟ್ಟಿದ್ದ ಮೂರರಲ್ಲಿ ಅದೊಂದು.

ಊರ ಪಂಚಾಯಿತಿ ಸೇರಿತು. ನಾಗೇಂದ್ರಪ್ಪ ಎಲೆ ಅಡಿಕೆ ಮೆಲ್ಲುತ್ತ ಹೇಳಿದ: "ತೋಟಾ ನೋಡ್ದೋನು ಅವನೇ. ಅವನ ಕೈ ಕೆಟ್ಟಿತ್ತು, ಅವನನ್ನೇ ತಿಂತು. ನನ್ನ ಕೋವಿ ಸೈತ ಕೆಡಿಸಿ ಹೋದ."

ಹೆಂಗಸರ ಹಿಂದಿನಿಂದ ಕಾಟಮ್ಮ ಕೂಗಿದಳು. "ಆ ಮೂರು ನಾವು ತೆಗೆದಿಟ್ಟಿದ್ವು! ಅದನ್ನ ತುಂಬಿದೋರು ಯಾರು ಕೇಳ್ರಿ!"

"ಹೆಂಗಸಿಗೆ ತೋಟಾದ ಗೊಡವೆ ಏನಮ್ಮ?" ಎಂದು ಯಾರೋ ಅಂದರು. ನಾಲ್ಕು ಜನ ನಕ್ಕರು. ನಾಗೇಂದ್ರಪ್ಪ ನಗಲೂ ಇಲ್ಲ, ಅವಳತ್ತ ತಿರುಗಿ ನೋಡಲೂ ಇಲ್ಲ. ಗುಡಿಸಲು ಬಿಡಿಸಿದರು. ಅತ್ತೆ ಸೊಸೆ ಜಗಳೂರಿಗೆ ಹಿಂದಿರುಗುವ ಮೊದಲೇ ಮಾತು ಅಲ್ಲಿಗೆ ಮುಟ್ಟಿತ್ತು. ಕೈ ಕೆಟ್ಟವರ ಮನೆ ಎಂದು ಕೋವಿ ಇದ್ದವರು ಅವರ ಬೀದಿ ತುಳಿಯಲಿಲ್ಲ. ಕುರಿಯವರು ಗಂಟೆ ರಿಪೇರಿಗೆ ಕೂಡ ಕೊಡಲಿಲ್ಲ. ಕಡೆಗೆ ಗುರುತಿನವರಾರೂ ಇಲ್ಲದ ನ್ಯಾಮತಿಗೆ ಬಂದು ಅವಳು ಒಲೆ ಹೂಡಿದಳು.

ಅಂದಿನಿಂದ ಕಾಟಮ್ಮನ ಎದೆಯಲ್ಲಿದ್ದುದು ಒಂದೇ. ನಾಗೇಂದ್ರಪ್ಪ ಗೊತ್ತಿದ್ದೂ ಆ ಮೂರನ್ನು ತುಂಬಿದ. ಮೂರು ಗೂಡಿನ ಆಸೆಗೆ ಒಂದು ಜೀವ ತೆಗೆದು, ಸತ್ತವನ ಹೆಸರಿಗೆ ಮಸಿ ಬಳಿದ. ಆ ಬೆಂಕಿ ಅವನ ಮುಖಕ್ಕೂ ಮುಟ್ಟಬೇಕು. ಅವಳು ದೇವರಿಗೆ ಹರಕೆ ಹೊರಲಿಲ್ಲ. ತೋಟಾ ಇಲ್ಲದ ಕಾಲ ಬಂದಿದೆ, ಇಂದಲ್ಲ ನಾಳೆ ಅವನ ಚೀಲ ತನ್ನ ಒಲೆಯ ಮುಂದೆ ಬಂದೇ ಬರುತ್ತದೆ ಎಂದು ಕಾದಳು.

ಬಂತು. ಒಂದು ಮಧ್ಯಾಹ್ನ ಮುಖವೆಲ್ಲ ಮಸಿಯಾದ ಆಳೊಬ್ಬ ಚೀಲ ಹೊತ್ತು ಬಂದು ನಿಂತ.

"ಅಕ್ಕಾ, ಹಿತ್ತಾಳೆ ಕಾಟಮ್ಮ ಅಂದ್ರೆ ನೀನೇನಾ?"

"ಹಿತ್ತಾಳೆ ನೀನು ತಂದಿರೋದು. ನಾನು ಬರೀ ಕಾಟಮ್ಮ. ಮೊದ್ಲು ಮಕ ತೊಳ್ಕೋ. ಇದ್ದಿಲು ಮಾರಾಕೆ ಬಂದೀಯೇನೋ ಅನ್ಕಂಡೆ."

"ಪೆಟ್ರೋಲು ಸಿಗ್ದೆ ಇದ್ದಿಲಾಗೆ ಓಡ್ತೈತಲ್ಲ, ಆ ಬಸ್ಸಿನ ಹಿಂದಿನ ಸೀಟು ಕಣಕ್ಕ. ಚನ್ನಗಿರಿಯಾಗೆ ಬೆಳ್ಳಗೆ ಹತ್ತಿದ್ದೆ. ಹೊನ್ನಾಳಿಯಾಗೆ ಇಳಿಯೋ ಹೊತ್ತಿಗೆ ನಮ್ಮವ್ವ ಕಂಡಿದ್ರೂ ಯಾರಪ್ಪ ನೀನು ಅಂತಿದ್ಲು."

"ಯಾವೂರು?"

"ಉಬ್ರಾಣಿ. ಅಂಜಿನಪ್ಪ ಅಂತ. ನಾಗೇಂದ್ರಪ್ಪ ಸಾವ್ಕಾರ್ರ ಮನೆ ಆಳು. ದೊಡ್ಡ ಸಾಹೇಬ್ರು ಯಾರೋ ಬೇಟೆಗೆ ಬರ್ತಾರಂತೆ, ತೋಟಾ ಬೇಕೇ ಬೇಕು ಅಂತ ಕುಣೀತಾವ್ರೆ. ಹಳೇವನ್ನೆಲ್ಲ ಬಳಕೊಂಡು ಕಳಿಸವ್ರೆ."

ಕಾಟಮ್ಮನ ಕೈ ಬಾನಿಯ ನೀರಿನೊಳಗೆ ಹಾಗೆಯೇ ನಿಂತಿತು. ಆಮೇಲೆ ಹೊರಗೆ ಬಂದು, ಸೆರಗಿಗೆ ಒರೆಸಿಕೊಂಡು, ಚೀಲ ತೆಗೆದುಕೊಂಡಿತು. "ಮುಂದಿನ ಸಂತೆಗೆ ಬಾ" ಎಂದಳು.

ಮನೆಯಲ್ಲಿ ಗಾದ್ರಮ್ಮನಿಗೆ ಕಣ್ಣು ಮಂಜಾಗಿತ್ತು, ಕಿವಿ ಚುರುಕಾಗಿತ್ತು. ಚೀಲ ಸುರಿದ ಸದ್ದಿಗೇ ಕೇಳಿದಳು: "ಯಾರದೇ ಅದು?"

"ಉಬ್ರಾಣಿಯದು ಅತ್ತೆ."

ಮುದುಕಿ ತೆವಳಿಕೊಂಡು ಬಂದು ರಾಶಿಯ ಮೇಲೆ ಕೈ ಆಡಿಸಿದಳು. "ಕೈಗೇ ತಂದು ಕೊಟ್ಟವ್ನಲ್ಲೇ ಶಿವ! ನನ್ನ ಮಗನ್ನ ಸುಟ್ಟ ಬೆಂಕಿ ಅವನ ಮೀಸೆಗೆ ಹತ್ತೋದು ಕೇಳಿ ಸಾಯ್ತೀನಿ ಕಾಟೀ. ನೋಡು, ಬುಡ ಸವೆದದ್ದು ಒಂದಾದ್ರೂ ಇರ್ಬೇಕು ನೋಡು."

ಇತ್ತು. ಹೆಚ್ಚಿನವು ಬಾಯಿ ನೆಗ್ಗಿದವು, ಕೆಲವು ಕಿಲುಬು ಹಿಡಿದವು. ಕೂತು ದುಡಿದರೆ ಬದುಕುವಂಥವು. ಒಂದರೊಳಗೆ ಮಾತ್ರ ತಂತಿ ಬುಡದ ಹತ್ತಿರ ತಡವರಿಸಿತು. ಕಾಟಮ್ಮ ತಂತಿಯನ್ನು ಎರಡು ಸಲ, ಮೂರು ಸಲ ಎಳೆದಳು. ಪ್ರತಿ ಸಲ ಅದು ಅಲ್ಲಿಯೇ ಸಿಕ್ಕಿ ನಿಂತಿತು. ಅವಳಿಗೆ ಎಷ್ಟೋ ವರ್ಷದ ಮೇಲೆ ನಗು ಬಂತು.

ಬೇರೆಯವರದ್ದಾಗಿದ್ದರೆ ಅಲ್ಲಿಯೇ ಸುತ್ತಿಗೆ ಎತ್ತುತ್ತಿದ್ದಳು. ಇದನ್ನು ಎತ್ತಿಟ್ಟುಕೊಂಡು, ಉಳಿದವುಗಳಿಗಿಂತ ಹೆಚ್ಚು ಅಕ್ಕರೆಯಿಂದ ಆರೈಕೆ ಮಾಡಿದಳು. ಇಟ್ಟಿಗೆ ಪುಡಿ, ಹುಣಿಸೆಹಣ್ಣು ಹಚ್ಚಿ ಉಜ್ಜಿದಳು. ಬಿಳಿಯ ಉಂಗುರ ಮಾಯವಾಗುವವರೆಗೂ ಉಜ್ಜಿದಳು. ಬಾಯಿ ದುಂಡಗೆ ಮಾಡಿದಳು. ಮದುವಣಿಗನನ್ನು ಸಿಂಗರಿಸುವ ಹಾಗೆ ಸಿಂಗರಿಸಿ ರಾಶಿಯ ನಡುವೆ ಇಟ್ಟಾಗ, ರಾಶಿಗೆಲ್ಲ ಅದೇ ಚೆಂದವಾಗಿತ್ತು. ಉಜ್ಜುವಾಗೆಲ್ಲ ಅವಳ ಕಣ್ಣ ಮುಂದೆ ನಾಗೇಂದ್ರಪ್ಪನ ಮುಖವಿತ್ತು. ಎಲೆ ಅಡಿಕೆ ತುಂಬಿದ ಆ ಕೆನ್ನೆ, ಪಂಚಾಯಿತಿಯಲ್ಲಿ ತನ್ನತ್ತ ತಿರುಗದ ಆ ಕಣ್ಣು. ಅವನನ್ನೂ ಕಂಬಳಿಯಲ್ಲಿ ಹೊತ್ತು ತರಲಿ. ಅವನ ಹೆಂಡತಿಯೂ ಗಂಡನನ್ನು ಕಾಲು ನೋಡಿ ಗುರುತು ಹಿಡಿಯಲಿ.

ಮುಂದಿನ ಸಂತೆಗೆ ಅಂಜಿನಪ್ಪ ಬಂದ. ಈ ಸಲ ಮುಖ ತೊಳೆದುಕೊಂಡೇ ಬಂದಿದ್ದ. ಚೀಲ ಹೆಗಲಿಗೇರಿಸಿದವನು ಹೊರಡದೆ ದುರುಗಕ್ಕನ ಮಲಾರದ ಮುಂದೆ ಕುಕ್ಕರುಗಾಲಲ್ಲಿ ಕೂತ.

"ಹಸಿರು ಬಳೆ ಕೊಡಕ್ಕ. ನಮ್ಮ ಬಂಗಾರಮ್ಮಂಗೆ ಏಳು ತಿಂಗಳು ತುಂಬ್ತು."

"ಕೈಯ ಅಳತೆ ತಂದೀಯಾ?" ದುರುಗಕ್ಕ ಕೇಳಿದಳು.

"ಅಳತೆ ಯಾಕೆ? ನನ್ನ ಕೈ ಮುಷ್ಟಿಯಾಗೆ ಅವಳ ಕೈ ಸಲೀಸಾಗಿ ಕೂರ್ತೈತೆ."

"ಆಹಾ, ಎಂಥಾ ಅಳತೆ! ಬಳೆ ಬ್ಯಾಡ ಬಿಡು, ದಿನಾ ನಿನ್ನ ಮುಷ್ಟಿನೇ ಹಾಕ್ಕಂಡು ತಿರುಗ್ಲಿ" ಎಂದು ದುರುಗಕ್ಕ ಬಳೆ ಆರಿಸತೊಡಗಿದಳು.

ಅಂಜಿನಪ್ಪ ನಗುತ್ತಲೇ ಕಾಟಮ್ಮನ ಕಡೆ ತಿರುಗಿದ. "ಅಕ್ಕಾ, ತೋಟಾ ಗಟ್ಟಿಯಾಗಿ ನೋಡೀದಿ ತಾನೇ? ಮೊದಲ ಈಡು ನಂದೇಯ, ಅದಕ್ಕೆ ಕೇಳಿದ್ದು."

"ನಿಂದ್ಯಾಕೆ? ಕೋವಿ ಸಾವ್ಕಾರ್ರದಲ್ವಾ?"

"ಕೋವಿ ಅವರದು, ಭುಜ ನಂದು. ಹಿಂದ್ಯಾವಾಗ್ಲೋ ಒಂದು ತೋಟಾ ಸಿಡಿದು ಯಾರೋ ಸತ್ನಂತೆ. ಆವತ್ತಿಂದ ತುಂಬಿದ ತೋಟಾದಾಗೆ ಮೊದಲನೇದನ್ನ ಆಳಿನ ಕೈಲಿ ಹೊಡೆಸ್ತಾರೆ. ಬಡ್ಡೀಮಗಂದು ಸರಿಯಾಗಿ ಹಾರಿದ್ರೆ ಆಮೇಲೆ ಉಳಿದವನ್ನ ಅವರು ಹೊಡೀತಾರೆ. ಸಾಹೇಬ್ರು ಬಂದಾಗ್ಲೂ ಚೆಂದಾಗಿ ಕಂಡ ತೋಟಾನೇ ಆರಿಸಿ ನಂಗೆ ಕೊಡ್ತಾರೆ. ಮರ್ಯಾದೆ ನೋಡು ನಂದು!"

ಕಾಟಮ್ಮನ ಕಣ್ಣಿಗೆ ಹಸಿರು ಬಳೆಗಳು ಬಿದ್ದವು. ದುರುಗಕ್ಕ ಅವನ್ನು ಒಂದೊಂದಾಗಿ ಬಾಳೆಯ ನಾರಿಗೆ ಪೋಣಿಸುತ್ತಿದ್ದಳು. ತಾನು ಸಿಂಗರಿಸಿದ ಬೆಂಕಿ ನಾಗೇಂದ್ರಪ್ಪನ ಮುಖದ ಹತ್ತಿರವೂ ಸುಳಿಯುವುದಿಲ್ಲ. ಅವನು ತನ್ನ ಕೋವಿಯ ಹಿಂದೆ ಯಾವಾಗಲೂ ಇನ್ನೊಬ್ಬನ ಮುಖ ಇಟ್ಟುಕೊಳ್ಳುವವನು. ಆಗ ಸಣ್ಣತಿಮ್ಮಪ್ಪನದಿತ್ತು, ಈಗ ಈ ಬಾಯಿಬಡುಕನದು.

"ಇಳಿಸು ಚೀಲ" ಎಂದಳು.

"ಯಾಕಕ್ಕ?"

"ಇಳಿಸು ಅಂದೆ!" ಅವಳೇ ಎದ್ದು ಚೀಲ ಕಿತ್ತುಕೊಂಡಳು. ನಡುವಿನಿಂದ ಆ ಚೆಂದದ ಗೂಡನ್ನು ಹೆಕ್ಕಿ, ಕಲ್ಲಿನ ಮೇಲಿಟ್ಟು ಒಂದೇ ಏಟಿಗೆ ಜಜ್ಜಿದಳು. ಅಂಜಿನಪ್ಪ ಬಾಯಿ ಬಿಟ್ಟು ನೋಡಿದ.

"ಅಯ್ಯೋ, ಅದೇ ಚೆಂದಾಗಿತ್ತಲ್ಲಕ್ಕ!"

"ಚೆಂದಾಗಿದ್ದಕ್ಕೇ. ನಿಮ್ಮ ಸಾವ್ಕಾರ್ರಿಗೆ ಹೇಳು. ಕೋವಿ ತಗಂಡು ಅವರೇ ಬರ್ಲಿ. ಕೋವಿಯೊಳಗೆ ಹಾಕಿ ಅಳತೆ ನೋಡ್ದೆ ಒಂದು ತೋಟಾನೂ ಕೊಡಾಕಿಲ್ಲ. ನೀನು ಬಳೆ ತಗಂಡು ಹೋಗು, ಹೆಂಡ್ತಿ ಕಾಯ್ತಾ ಇರ್ತಾಳೆ."

ಆ ದಿನ ಮನೆಯಲ್ಲಿ ಗಾದ್ರಮ್ಮ ಅವಳನ್ನು ಬಾಯಿಗೆ ಬಂದಂತೆ ಬೈದಳು. "ಇಷ್ಟು ವರ್ಷ ಕಾದು, ಆಳಿನ ಮಕ ನೋಡಿ ಕರಗಿದೆಯಾ? ನನ್ನ ಮಗನೂ ಆಳೇ ಆಗಿದ್ದ, ಅವನ ಮಕ ಯಾರು ನೋಡಿದ್ರು?" ಕರಗಿದ್ದೇನೆ ಎಂದು ಕಾಟಮ್ಮನಿಗೆ ಅನ್ನಿಸಲಿಲ್ಲ. ಸಿಟ್ಟು ಮೊದಲಿಗಿಂತ ನೆಟ್ಟಗಾಗಿತ್ತು. ಇನ್ನು ಅದು ನಾಗೇಂದ್ರಪ್ಪನ ಮೇಲಲ್ಲದೆ ಬೇರೆ ಯಾರ ಮೇಲೂ ಬೀಳುವಂತಿರಲಿಲ್ಲ.

ಸಾಹೇಬರು ಬರುವ ದಿನ ಹತ್ತಿರವಾಗಿತ್ತು. ನಾಗೇಂದ್ರಪ್ಪನಿಗೆ ಬೇರೆ ದಾರಿ ಇರಲಿಲ್ಲ. ಸಂತೆಯ ದಿನವೇ ಬಂದ. ರುಮಾಲು, ಕೋಟು, ಹಿಂದೆ ಕೋವಿ ಹೊತ್ತ ಅಂಜಿನಪ್ಪ. ಸೂರಗೊಂಡನಕೊಪ್ಪದ ಕಡೆಯಿಂದ ಬಂದ ಲಂಬಾಣಿ ಹೆಂಗಸರು ಬಳೆ ತೊಡುತ್ತ ಕೂತಿದ್ದರು. ಕೋವಿ ಕಂಡ ಜನ ಸುತ್ತ ಸೇರಿದರು. ಸಾಹುಕಾರ ಕಾಟಮ್ಮನ ಮುಖ ನೋಡಿದ, ಗುರುತು ಹತ್ತಲಿಲ್ಲ. ಮೊದಲಾದರೂ ನೋಡಿದ್ದರಲ್ಲವೆ ಗುರುತು ಹತ್ತುವುದು!

"ಏನಮ್ಮ, ಅಳತೆ ಗಿಳತೆ ಅಂತ ಅಷ್ಟು ದೂರದಿಂದ ಓಡಾಡಿಸ್ತೀಯಲ್ಲ?"

"ಜೀವದ ಅಳತೆ ಸಾವ್ಕಾರ್ರೇ, ಓಡಾಡ್ಬೇಕಾಗ್ತೈತೆ."

ಅವಳು ಒಂದೊಂದೇ ಖಾಲಿ ಗೂಡನ್ನು ಕೋವಿಗೆ ಹಾಕಿ ತೆಗೆದಳು. ಎಲ್ಲವೂ ಸಲೀಸಾಗಿ ಕೂತು ಸಲೀಸಾಗಿ ಬಂದವು. ಕಡೆಯದಕ್ಕೆ ಅವನು ತಂದಿದ್ದ ಕೇಪೊಂದನ್ನು ಮಾತ್ರ ಹಾಕಿ, ಕೋವಿ ಮುಚ್ಚಿ ಮುಂದೆ ಚಾಚಿದಳು. "ಮದ್ದಿಲ್ಲ, ಗುಂಡಿಲ್ಲ. ಬರೀ ಕೇಪು. ಭುಜಕ್ಕಿಟ್ಟು ಆಕಾಶಕ್ಕೆ ಒತ್ತ್ರಿ. ಕೇಪು ಬಡಿಯೋ ಕುದುರೆ ಸರಿಯಾಗಿ ಬೀಳ್ತೈತಾ ನೋಡಾಣ."

ನಾಗೇಂದ್ರಪ್ಪ ರೂಢಿಯಂತೆ ಹಿಂದಕ್ಕೆ ಕೈ ಮಾಡಿದ. "ಅಂಜಿನಾ, ತಗಾ."

"ಅವನು ಬ್ಯಾಡ. ನೀವೇ."

"ಆಳಿದಾನಲ್ಲಮ್ಮ."

"ಕೇಪು ಸಾವ್ಕಾರ್ರೇ! ಮಕ್ಕಳು ದೀಪಾವಳಿಯಾಗೆ ಕಲ್ಲಿನಾಗೆ ಕುಟ್ತಾವೆ!"

ಗುಂಪಿನಲ್ಲಿ ಯಾರೋ, "ಹೊಡೀರಿ ಧಣಿ, ನಾವೂ ನೋಡ್ತೀವಿ" ಎಂದರು. ಇನ್ನೊಬ್ಬ, "ಹೊಡೆಯೋದು ಆಳು, ಫೋಟೋ ಮಾತ್ರ ಸಾವ್ಕಾರ್ರದು" ಎಂದ. ನಾಗೇಂದ್ರಪ್ಪ ಕೋವಿ ಹಿಡಿದ. ಭುಜಕ್ಕೆ ಏರಿಸಿದ. ಕೆನ್ನೆ ಮಾತ್ರ ಕೋವಿಗೆ ತಾಗಲಿಲ್ಲ. ಕತ್ತು ಹಿಂದಕ್ಕೆ ಹಿಂದಕ್ಕೆ ಹೋಯಿತು. ಕೋವಿ ಇಳಿಸಿಬಿಟ್ಟ.

"ಯಾಕೆ, ಸಣ್ಣತಿಮ್ಮಪ್ಪ ಕಣ್ಣ ಮುಂದೆ ಬಂದ್ರಾ?" ಎಂದಳು ಕಾಟಮ್ಮ.

ಅವನು ಆಗ ಅವಳನ್ನು ಸರಿಯಾಗಿ ನೋಡಿದ. "ನೀನು... ತಿಮ್ಮನ ಹೆಂಡ್ತಿ! ಹಂಗಾದ್ರೆ ಈ ತೋಟಾ ಯಾವುದೂ ನಂಗೆ ಬ್ಯಾಡ. ಕೈ ಕೆಟ್ಟ ಮನೇದು! ಕೇಳ್ರಪ್ಪ, ಇವಳ ಗಂಡ ನೋಡಿದ ತೋಟಾನೇ ಒಡೆದು ಅವನ ಮೇಲೇ ಬಂತು."

"ಸವೆದ ಮೂರನ್ನ ಅವರು ತೆಗೆದಿಟ್ಟು ನಿಮಗೆ ಹೇಳಿದ್ರು. ನೀವು ಹೂಂ ಅಂದ್ರಿ. ಕಿವಿಯಾರೆ ಕೇಳೀನಿ ನಾನು. ಅದನ್ನ ತುಂಬಿದೋರು ಯಾರು?"

"ಏನು ಹೇಳಿದ? 'ಇವು ಮೂರು ಹೆಚ್ಚಿದಾವೆ' ಅಂದ! ಲೆಕ್ಕಕ್ಕಿಂತ ಮೂರು ಹೆಚ್ಚು ಇದಾವೆ ಅಂತ ತಾನೇ? ಇರ್ಲಿ, ಬೇಕಾಗ್ತಾವೆ ಅಂತ ಅವನ್ನೂ ತುಂಬಿದೆ. ನಂದೇನು ತಪ್ಪು?"

ಲಂಬಾಣಿ ಹೆಂಗಸಿನ ಕೈಗೆ ಬಳೆ ಏರಿಸುತ್ತಿದ್ದ ದುರುಗಕ್ಕ ಕೈ ಬಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ನನ್ನಪ್ಪನೇ! ನಾಳೆ ನಿಮ್ಮ ಮನ್ಯಾಗೆ ಬಳೆ ಹೆಚ್ಚಿತು ಅಂದ್ರೆ, ಇನ್ನೊಂದು ಕೈ ತಂದು ತೊಡಿಸ್ತೀರೇನ್ರೀ? ಪೂಜೆ ದಿನ ಒಡೆದೈತೆ ಅಂತಾರಾ ಯಾರಾದ್ರೂ? ಹೆಚ್ಚೈತೆ ಅಂತಾರೆ! ಮನೆ ಹೆಂಗಸರನ್ನ ಕೇಳಿದ್ರೂ ಹೇಳಿರೋರು!"

ಬಳೆ ತೊಡುತ್ತಿದ್ದವರು ನಕ್ಕರು, ಗಂಡಸರು ನಕ್ಕರು, ತಡೆಯಲಾರದೆ ಅಂಜಿನಪ್ಪನೂ ನಕ್ಕ. ನಾಗೇಂದ್ರಪ್ಪನ ಮುಖದಲ್ಲಿ ಮಾತ್ರ ಬಣ್ಣ ಉಳಿಯಲಿಲ್ಲ. ಒಂದೇ ಮಾತು, ಬಿಡಿಸಿದರೆ ಎರಡು ಅರ್ಥ. ತಾನು ತಪ್ಪಾಗಿ ಬಿಡಿಸಿದ್ದು ಅವನಿಗೆ ಈಗ ತಿಳಿಯಿತು. ಅದಕ್ಕಿಂತ ಮುಖ್ಯವಾಗಿ, ಆ ಮೂರನ್ನು ತುಂಬಿದವನು ತಾನೇ ಎಂದು ಸಂತೆಯ ನಡುವೆ ತನ್ನ ಬಾಯಿಂದಲೇ ಬಂದುಹೋಗಿತ್ತು.

ಕಾಟಮ್ಮನೊಬ್ಬಳು ನಗಲಿಲ್ಲ. ಇವನಿಗೆ ಗೊತ್ತಿರಲಿಲ್ಲ! ಇಷ್ಟು ವರ್ಷ ಯಾವ ಮಾತನ್ನು ಕೆಂಡದ ಹಾಗೆ ಊದಿ ಊದಿ ಕಾಪಾಡಿದ್ದಳೋ ಅದು ನಿಜವಲ್ಲ. ಅವನು ಕೊಂದವನಲ್ಲ; ಮಾತು ತಿಳಿಯದ ದಡ್ಡ. ಸುತ್ತಿಗೆಯ ಹಿಡಿಯ ಮೇಲಿದ್ದ ಅವಳ ಬೆರಳು ಸಡಿಲವಾಯಿತು. ಅವನೂ ಅದನ್ನು ಕಂಡಿರಬೇಕು. ದನಿ ತಗ್ಗಿಸಿ, "ಆಗಿದ್ದು ಆಗೋಯ್ತಮ್ಮ. ತೋಟಾ ಕೊಡು, ಹೋಗ್ತೀನಿ" ಎಂದ.

ಆ "ಆಗೋಯ್ತು" ಎಂಬುದೊಂದು ಇಲ್ಲದಿದ್ದರೆ ಅವಳು ಬಹುಶಃ ಕೊಟ್ಟು ಕಳುಹಿಸುತ್ತಿದ್ದಳು.

"ಆವತ್ತು ತಿಳೀಲಿಲ್ಲ, ಸರಿ" ಎಂದಳು. "ಒಪ್ಕಂಡೆ. ತೋಟಾ ಸಿಡಿದ ಮೇಲೆ? ಮೂಲೆಯಾಗೆ ಇಟ್ಟಿದ್ದ ಮೂರನ್ನ ತುಂಬಿದ್ದು ನಾನೇ ಅಂತ ನಿಮಗೆ ಗೊತ್ತಿತ್ತಲ್ಲ? ಪಂಚಾಯ್ತಿಯಾಗೆ ಆ ಒಂದು ಮಾತು ಆಡೋಕೆ ನಿಮ್ಮ ಬಾಯಿಗೆ ಏನಾಗಿತ್ತು? ನಾನು ಕೂಗಿದಾಗ ಯಾಕೆ ಸುಮ್ಕಿದ್ರಿ?"

ಗುಂಪು ಕಾದಿತು. ಒಬ್ಬ ಮುದುಕ ಮೆಲ್ಲಗೆ, "ಹೇಳ್ರಿ ಸಾವ್ಕಾರ್ರೇ" ಎಂದ. ನಾಗೇಂದ್ರಪ್ಪ ರುಮಾಲು ಸರಿಮಾಡಿಕೊಂಡು ಅಂಜಿನಪ್ಪನ ಕಡೆ ತಿರುಗಿದ.

ಕಾಟಮ್ಮ ಕಲ್ಲಿನ ಮುಂದೆ ಕೂತು ಮೊದಲ ಗೂಡನ್ನು ಇಟ್ಟಳು. ತಾನೇ ತೊಳೆದದ್ದು, ತಾನೇ ಬಾಯಿ ದುಂಡಗೆ ಮಾಡಿದ್ದು, ಯಾವ ಕುಂದೂ ಇಲ್ಲದ್ದು. ಸಣ್ಣತಿಮ್ಮಪ್ಪ ಜೀವಮಾನದಲ್ಲಿ ಒಂದೂ ಒಳ್ಳೆಯ ತೋಟಾ ಜಜ್ಜಿದವನಲ್ಲ. ಅದು ನೆನಪಾಗಿ ಕೈ ಒಂದು ಕ್ಷಣ ಮೇಲೆಯೇ ನಿಂತಿತು. ಆಮೇಲೆ ಬಿತ್ತು.

"ಏಯ್! ಸಾಹೇಬ್ರು ನಾಡಿದ್ದು ಬರ್ತಾರೆ! ಒಂದಾದ್ರೂ ಉಳಿಸು!"

ಅವಳು ಎರಡನೆಯದನ್ನು ಇಟ್ಟಳು, ಮೂರನೆಯದನ್ನು ಇಟ್ಟಳು. ಅವನು ತಡೆಯಲು ಮುಂದೆ ಬಂದಾಗ ಅಂಜಿನಪ್ಪ ಹೇಗೋ ಏನೋ ಕಾಲಿಗೆ ಅಡ್ಡ ಸಿಕ್ಕಿದ. "ಪೋಲೀಸಿಗೆ ಹೇಳ್ತೀನಿ" ಎಂದು ನಾಗೇಂದ್ರಪ್ಪ ಗದರಿದ. "ಹೇಳ್ರಿ. ಯಾಕೆ ಜಜ್ಜಿದ್ಲು ಅಂತ ಅವರು ಕೇಳ್ತಾರೆ, ಅದನ್ನೂ ಹೇಳ್ರಿ" ಎಂದಳು ಅವಳು, ತಲೆ ಎತ್ತದೆ. ಕೊನೆಯದು ಮುಗಿಯುವವರೆಗೆ ಸುತ್ತಿಗೆ ನಿಲ್ಲಲಿಲ್ಲ. ಚಪ್ಪಟೆಯಾದ ಹಿತ್ತಾಳೆಯನ್ನೆಲ್ಲ ಅವನ ಚೀಲಕ್ಕೇ ತುಂಬಿ ಕಾಲ ಬಳಿ ಇಟ್ಟಳು. ಅವಳು ಮಾಡಿದ್ದು ಸರಿಯೆಂದು ಹೇಳಲಾಗದು. ತಪ್ಪೆಂದು ಹೇಳುವ ಬಾಯಿಯೂ ಆ ದಿನ ನ್ಯಾಮತಿಯ ಸಂತೆಯಲ್ಲಿ ಇರಲಿಲ್ಲ.

ಸಾಹುಕಾರನ ಕೋವಿ ಯುದ್ಧ ಮುಗಿಯುವವರೆಗೂ ಗೋಡೆಗೆ ನೇತಾಡಿತು. ಸಾಹೇಬರು ಬೇರೆಯವರ ಮನೆಯಲ್ಲಿ ಇಳಿದುಕೊಂಡು ಬೇಟೆಯಾಡಿದರು. ನಾಗೇಂದ್ರಪ್ಪ ಊರಿಗೆ ಮುಟ್ಟುವ ಮೊದಲೇ ಮಾತು ಇದ್ದಿಲ ಬಸ್ಸಿನಲ್ಲಿ ಉಬ್ರಾಣಿ ಮುಟ್ಟಿತ್ತು. ಅಲ್ಲಿಯ ಹೆಂಗಸರು ಅವನಿಗೆ "ಹೆಚ್ಚಿದ ಸಾವ್ಕಾರ" ಎಂದು ಹೆಸರಿಟ್ಟರು. ಜಗಳೂರಿನವರು ಮಾತ್ರ ಏನೂ ನಡೆದೇ ಇಲ್ಲವೆಂಬಂತೆ ಮತ್ತೆ ಕಾಟಮ್ಮನಿಗೆ ತೋಟಾ ಕಳುಹಿಸತೊಡಗಿದರು. ಅವಳೂ ಬೇಡವೆನ್ನಲಿಲ್ಲ.

ಅದೆಲ್ಲ ಆಮೇಲಿನ ಮಾತು. ಸಂತೆಯ ಆ ಸಂಜೆ ಅವಳು ಮನೆಗೆ ಬಂದು, ಕೈಕಾಲು ತೊಳೆದು, ಅತ್ತೆಯ ಎದುರು ಕೂತು ನಡೆದದ್ದನ್ನು ಹೇಳಿದಳು. ಗಾದ್ರಮ್ಮ ಕೊನೆಯವರೆಗೂ ಕೇಳಿ ಮೂಗು ಮುರಿದಳು.

"ಬರೀ ಹಿತ್ತಾಳೆ ಜಜ್ಜಿ ಬಂದೆಯಾ? ಅವನ ಮಕ ಉಳೀತಲ್ಲೇ!"

"ಉಳೀತು ಅತ್ತೆ. ಇನ್ನು ಸಾಯೋ ಗಂಟ ಅದನ್ನ ಹೊತ್ಕಂಡೇ ನಾಲ್ಕು ಜನರ ಮುಂದೆ ತಿರುಗ್ಬೇಕಲ್ಲ."

ಮುದುಕಿ ಗೋಡೆಗೆ ಒರಗಿದಳು. ಆಮೇಲೆ ಹಲ್ಲಿಲ್ಲದ ಬಾಯಲ್ಲಿ ಸಣ್ಣಗೆ ನಗು ಬಂತು. ಹತ್ತಿರ ಸರಿದು ಸೊಸೆಯ ಮೊಣಕಾಲ ಮೇಲೆ ಕೈ ಇಟ್ಟಳು.

"ಎಲ್ಲರೂ ನಕ್ರು ಅಂದ್ಯಲ್ಲ. ಜೋರಾಗಿ ನಕ್ರಾ?"

"ಜೋರಾಗೇ ನಕ್ರು."

"ಇನ್ನೊಂದ್ಸಲ ಹೇಳು. ಅವನು ಬಂದು ನಿಂತ್ನಲ್ಲ, ಅಲ್ಲಿಂದ."

ಕಾಟಮ್ಮ ಕಾಲು ಮಡಿಸಿ ಕೂತು ಮತ್ತೆ ಹೇಳತೊಡಗಿದಳು.